ನೋಡುವ ಲೈಸೆನ್ಸು, ತಿದ್ದುವ ಲೈಸೆನ್ಸು

ನನ್ನ ಅಕ್ಕನ ಮಗಳು ರಕ್ಷಿತಾ ತೀರಿಹೋಗಿ ವರ್ಷ ತುಂಬಿದ ಮೇಲೆ ಅವಳ ಲ್ಯಾಪ್‌ಟಾಪನ್ನು ಕಪಾಟಿನಿಂದ ಕೆಳಗಿಳಿಸಿದೆವು. ತೆರೆಯುವ ಕೆಲಸಕ್ಕೆ ಅವಳ ಚಿಕ್ಕಿಯಾದ ನನ್ನನ್ನೇ ಕೂರಿಸಿದರು. ನಮ್ಮ ಮನೆಯಲ್ಲಿ ಬ್ಯಾಂಕು, ಗ್ಯಾಸ್ ಬುಕಿಂಗು, ಕರೆಂಟು ಬಿಲ್ಲು, ಅಂತೂ ಇಂಗ್ಲಿಷಿನಲ್ಲಿ ಮಾತನಾಡುವ ವಸ್ತುಗಳೆಲ್ಲ ನನ್ನ ಪಾಲಿಗೆ. ಕಾರವಾರದ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿ ಸೇರಿದ ದಿನದಿಂದ ಈ ಶಿಕ್ಷೆ ನಡೆದೇ ಇದೆ. ಎಡಗಡೆ ಅಕ್ಕ ಕಲಾವತಿ, ಬಲಗಡೆ ಭಾವ ರಾಮನಾಥ, ನಡುವೆ ನಾನು. ಚಾರ್ಜಿಗೆ ಹಾಕಿ, ಗುಂಡಿ ಒತ್ತಿ, ರಕ್ಷಿತಾ ಮಾಡಿಟ್ಟ ಮನೆಯ ನಕ್ಷೆಯನ್ನು ಹುಡುಕಿ ಅದರ ಮೇಲೆ ಒತ್ತಿದೆ. ನಕ್ಷೆ ಬರಲಿಲ್ಲ. ಒಂದು ಬಿಳಿ ಚೌಕ ಬಂತು.

“ಎಂತ ಹೇಳ್ತದೆ ಅದು?” ಅಕ್ಕ ಕೇಳಿದಳು.

“ಲೈಸೆನ್ಸ್ ಮುಗ್ದದೆ ಹೇಳಿ. ಇದು ಓದೋ ಮಕ್ಕಳಿಗೆ ಕೊಡೂ ಲೈಸೆನ್ಸಾಗಿತ್ತು. ವರ್ಷ ವರ್ಷ ಮುಂದುವರಿಸ್ಬೇಕು. ಹೋದ ವಾರ ಮುಗ್ದದೆ.”

“ಹೋದ ವಾರ ತೆಗೆದಿದ್ರೆ ಬರ್ತಿತ್ತಾ ಹಂಗಾರೆ?”

ವರ್ಷ ತುಂಬುವವರೆಗೆ ಆ ಲ್ಯಾಪ್‌ಟಾಪನ್ನು ಮುಟ್ಟಕೂಡದು ಎಂದು ಹಟ ಹಿಡಿದವರು ಭಾವ. ಅಕ್ಕ ಅವರ ಕಡೆ ನೋಡಿದಳು, ಭಾವ ಕಿಟಕಿಯ ಕಡೆ ನೋಡಿದರು. ಈ ಒಂದು ವರ್ಷದಲ್ಲಿ ಅವರಿಬ್ಬರ ಜಗಳ ಹೆಚ್ಚಾಗಿ ಹೀಗೆಯೇ ನಡೆಯುತ್ತಿತ್ತು, ಬಾಯಿಯೇ ಬೇಕಾಗಿರಲಿಲ್ಲ.

ರಕ್ಷಿತಾ ಕಾರವಾರದಲ್ಲಿ ಸಿವಿಲ್ ಡಿಪ್ಲೊಮಾ ಓದುತ್ತಿದ್ದಳು. ಭಾವ ಬಿಣಗಾದಲ್ಲಿ ಕೆಮಿಕಲ್ ಫ್ಯಾಕ್ಟರಿಯ ಕೆಲಸಕ್ಕಿರುವವರು. ಹೆದ್ದಾರಿಯ ಪಕ್ಕದ ಕಾರ್ಮಿಕರ ಕ್ವಾರ್ಟರ್ಸಿನಲ್ಲಿ ನಮ್ಮ ಸಂಸಾರ. ಅಕ್ಕ, ಭಾವ ಒಳಕೋಣೆಯಲ್ಲಿ, ರಕ್ಷಿತಾ ಮತ್ತು ನಾನು ಹೊರಕೋಣೆಯಲ್ಲಿ ಒಂದೇ ಚಾಪೆಯ ಮೇಲೆ. ನನ್ನ ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಹಿಂದಕ್ಕೆ ಹೋದ ಮೇಲೆ ನಾನು ಅಕ್ಕನ ಮನೆಯ ಸಾಮಾನುಗಳಲ್ಲಿ ಒಂದಾಗಿಬಿಟ್ಟಿದ್ದೆ, ಅದರ ಬಗ್ಗೆ ನನಗೆ ತಕರಾರೂ ಇಲ್ಲ. ಭಾವ ನಿವೃತ್ತರಾದ ಕೂಡಲೇ ಕ್ವಾರ್ಟರ್ಸ್ ಬಿಡಬೇಕು. ಅಂಕೋಲೆಯಲ್ಲಿ ಅವರ ಪಾಲಿಗೆ ಬಂದ ಒಂದು ತುಂಡು ಜಾಗವಿದೆ. ಅಲ್ಲಿ ಕಟ್ಟುವ ಮನೆಯ ನಕ್ಷೆ ತಾನೇ ಮಾಡುವವಳು, ಬೇರೆ ಯಾರೂ ಕೈ ಹಾಕಕೂಡದು ಎಂದು ಹುಡುಗಿ ಕುಣಿದಳು. ಮಳೆಗಾಲದಲ್ಲಿ ಟೇಪು ಹಿಡಿದು ಆ ಜಾಗದ ಕೆಸರಿನಲ್ಲಿ ಬರಿಗಾಲಲ್ಲಿ ಓಡಾಡಿದಳು. ಆಮೇಲೆ ಜ್ವರ ಬಂತು. ಸಾದಾ ಜ್ವರವೆಂದುಕೊಂಡೆವು, ಇಲಿಜ್ವರ ಎಂದು ಗೊತ್ತಾಗುವಷ್ಟರಲ್ಲಿ ಕೈ ಮೀರಿತ್ತು. ಜ್ವರ ಎಲ್ಲಿಂದ ತಗುಲಿತೆಂದು ಡಾಕ್ಟರು ಹೇಳಲಿಲ್ಲ. ಭಾವ ಮಾತ್ರ ಆ ಕೆಸರಿನಿಂದಲೇ ಎಂದು ನಂಬಿ ಕೂತರು.

ಜ್ವರ ಬರುವ ಮೊದಲು ಒಂದು ಸಂಜೆ ಅವಳು ನಮ್ಮನ್ನು ಆ ಮನೆಯೊಳಗೆ ಕರೆದುಕೊಂಡು ಹೋಗಿದ್ದಳು. ಲ್ಯಾಪ್‌ಟಾಪಿನಲ್ಲಿಯೇ. ಬಾಗಿಲು ತೆರೆಯಿತು, ಜಗಲಿ ದಾಟಿದೆವು, ನಡುಮನೆಯಲ್ಲಿ ಒಂದು ಸುತ್ತು ಹಾಕಿದೆವು. ಅಕ್ಕ ನಿಜವಾಗಿಯೂ ಕಾಲನ್ನು ಒಂದಿಷ್ಟು ಎತ್ತಿದಳು, ಹೊಸ್ತಿಲು ದಾಟುವವಳ ಹಾಗೆ. ನಾವು ಎಷ್ಟು ನಕ್ಕೆವೆಂದರೆ ಪಕ್ಕದ ಮನೆಯವರು ಇಣುಕಿ ನೋಡಿದರು. ಒಳಗೆ ಎಡಕ್ಕೆ ತಿರುಗಿದರೆ ಮೂಲೆಯಲ್ಲಿ ಚಿಕ್ಕದೊಂದು ಕೋಣೆ. “ಇಲ್ಲಿ ಬೆಳಿಗ್ಗೆ ಬಿಸಿಲು ಬರ್ತದೆ, ಗಾಳಿನೂ ಬರ್ತದೆ, ಇಡೀ ಮನೇಲಿ ಇದೇ ಚಲೋ ಕೋಣೆ,” ಎಂದಿದ್ದಳು. ಅದು ಅವಳದೇ ಕೋಣೆ ಎಂದು ನಾವೆಲ್ಲ ತಿಳಿದುಕೊಂಡೆವು, ಕೇಳುವುದೇನಿತ್ತು ಅದರಲ್ಲಿ.

ವರ್ಷ ಕಳೆಯಿತು, ಇನ್ನು ಅಡಿಪಾಯದ ಕೆಸರುಕಲ್ಲು ಹಾಕಿ ಮನೆಯ ಕೆಲಸ ಶುರು ಮಾಡಬಹುದು ಎಂದು ಭಟ್ಟರು ಹೇಳಿದರು. ಪಂಚಾಯತಿಗೆ ಕೊಡಲು ನಕ್ಷೆ ಬೇಕು. ಅಂಕೋಲೆಯ ಇಂಜಿನಿಯರು ಒಬ್ಬರು ತಮ್ಮ ಕಂಪ್ಯೂಟರಿನಲ್ಲಿ ಕಾಲೇಜು ಮಕ್ಕಳ ಅಂಥ ಫೈಲು ತೆರೆಯುವುದಿಲ್ಲ, ಹೊಸದಾಗಿ ಮಾಡಿಕೊಡುತ್ತೇನೆ, ಅದಕ್ಕಿಂತ ಚಂದ ಇರುತ್ತದೆ ಎಂದರು. ಅಕ್ಕ ಅವರ ಎದುರಿಗೇ ಎದ್ದು ನಿಂತಳು. “ಚಂದದ ಮನೆ ನಿಮಗೇ ಇರ್ಲಿ. ನಂಗೆ ನನ್ನ ಮಗಳ ಮನೆ ಸಾಕು,” ಎಂದು ಹೇಳಿ ಬಂದಳು. ಹೀಗಾಗಿ ಲ್ಯಾಪ್‌ಟಾಪು ಕೆಳಗಿಳಿದದ್ದು.

ಬಿಳಿ ಚೌಕದ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತಿತ್ತು. ವಿದ್ಯಾರ್ಥಿಗಳು ಲೈಸೆನ್ಸನ್ನು ಪುಕ್ಕಟೆಯಾಗಿ ಮುಂದುವರಿಸಬಹುದು. ಒಂದೇ ಪ್ರಶ್ನೆ: ನೀವು ಈಗಲೂ ಓದುತ್ತಿದ್ದೀರಾ? ಒಂದು ಕಡೆ ಹೌದು, ಇನ್ನೊಂದು ಕಡೆ ಇಲ್ಲ. ನಾನು ಅದನ್ನು ಕನ್ನಡದಲ್ಲಿ ಹೇಳಿದೆ, ಹೇಳಬಾರದಾಗಿತ್ತು.

“ಹೌದು ಒತ್ತು,” ಎಂದಳು ಅಕ್ಕ.

“ಅಕ್ಕಾ...”

“ಒತ್ತೇ ಮಾರಾಯ್ತಿ. ಕೂಸು ಓದೂದು ಬಿಟ್ಟೇನೂ ಹೋಗ್ಲಿಲ್ಲ ಅಲಾ.”

ಒತ್ತಿದೆ. ‘ಅಭಿನಂದನೆಗಳು ರಕ್ಷಿತಾ! ಇನ್ನೊಂದು ಹೆಜ್ಜೆ ಮಾತ್ರ’ ಎಂದು ಬಂತು. ಆ ಒಂದು ಹೆಜ್ಜೆ ಏನೆಂದರೆ ಈ ವರ್ಷದ ಕಾಲೇಜಿನ ಗುರುತಿನ ಚೀಟಿ. ಅಕ್ಕ ಎದ್ದು ಒಳಗೆ ಹೋಗಿ, ತನ್ನ ಸೀರೆಗಳ ನಡುವೆ ಇಟ್ಟಿದ್ದ ಹಳೆಯ ಚೀಟಿ ತಂದಳು. ಕೆಂಪು ದಾರ ಅದರ ಸುತ್ತ ಸುತ್ತಿಕೊಂಡಿತ್ತು. ಫೋಟೊ ತೆಗೆದು ಕಳಿಸಿದೆ. ಚೀಟಿಯ ಅವಧಿ ಮುಗಿದಿದೆ ಎಂದು ಕೂಡಲೇ ಉತ್ತರ ಬಂತು.

“ಮುಖ ಅದರದ್ದೇ ಅಲ್ಲವನಾ?” ಎಂದು ಅಕ್ಕ ಲ್ಯಾಪ್‌ಟಾಪನ್ನೇ ಕೇಳಿದಳು. ಭಾವ ಎದ್ದು ಹೊರಗೆ ಹೋಗಿ ಚಪ್ಪಲಿ ಹಾಕಿಕೊಂಡರು. ಎಲ್ಲಿಗೆ ಎಂದು ನಾವು ಕೇಳಲಿಲ್ಲ.

ಇನ್ನು ದುಡ್ಡು ಕೊಟ್ಟೇ ಲೈಸೆನ್ಸ್ ತೆಗೆದುಕೊಳ್ಳಬೇಕು. ಒಂದು ಮನೆಯ ಒಂದು ನಕ್ಷೆ ನೋಡಲು ಯಾರಾದರೂ ಇಡೀ ಸಾಫ್ಟ್‌ವೇರು ಕೊಳ್ಳುತ್ತಾರೆಯೇ? ಕೊಳ್ಳುವುದಿಲ್ಲ. ನಾವು ಕೊಳ್ಳಲು ಹೊರಟೆವು. ಕಚೇರಿಯ ಊಟದ ಬಿಡುವಿನಲ್ಲಿ ನಾನು ಮೊಬೈಲಿನಲ್ಲಿ ಆ ಕಂಪನಿಯ ಪುಟ ತೆರೆದು ಕೂತೆ. ಮೀನುಪೇಟೆಯಲ್ಲಿ ದೊಡ್ಡ ಇಸೋಣವನ್ನು ತಲೆ, ಬಾಲ, ನಡುತುಂಡು ಎಂದು ಬೇರೆ ಬೇರೆ ದರಕ್ಕೆ ಮಾರುವ ಹಾಗೆ ಒಂದೇ ಸಾಫ್ಟ್‌ವೇರನ್ನು ಕತ್ತರಿಸಿ ಇಟ್ಟಿದ್ದರು. ಸಾಲಾಗಿ ಕಂಬಗಳು, ಕಂಬದ ತುಂಬ ಹಸಿರು ಗುರುತು, ಕೆಂಪು ಗುರುತು. ಮೊದಲನೆಯದರಲ್ಲಿ ಬರೀ ನೋಡಬಹುದು. ಮನೆಯೊಳಗೆ ಹೋಗಬಹುದು, ಒಂದು ಗೆರೆಯನ್ನೂ ಅಲುಗಿಸುವ ಹಾಗಿಲ್ಲ. ಅದು ಪುಕ್ಕಟೆ. ಎರಡನೆಯದರಲ್ಲಿ ತಿದ್ದಬಹುದು, ಆದರೆ ಅದು ಬರೀ ಗೆರೆಗಳ ನಕ್ಷೆಗೆ. ಮನೆಯೊಳಗೆ ಕಾಲಿಡುವ ಹಾಗಿಲ್ಲ. ಮೂರನೆಯದರಲ್ಲಿ ಒಳಗೂ ಹೋಗಬಹುದು, ತಿದ್ದಲೂಬಹುದು, ಅದರ ದರ ನೋಡಿದವರು ಮಾತ್ರ ಒಮ್ಮೆ ನೀರು ಕುಡಿಯಬೇಕು. ಇವುಗಳಲ್ಲಿ ಮತ್ತೆ ತಿಂಗಳಿನದು, ವರ್ಷದ್ದು, ಮೂರು ವರ್ಷದ್ದು. ಒಮ್ಮೆ ಕೊಂಡರೆ ಕಾಯಂ ನಮ್ಮದೇ ಆಗುವ ಲೈಸೆನ್ಸು ಮೊದಲು ಇತ್ತಂತೆ, ಈಗ ಅದನ್ನು ನಿಲ್ಲಿಸಿದ್ದಾರೆ. ಎಲ್ಲವೂ ಬಾಡಿಗೆ.

ಪುಟದ ಮೂಲೆಯಲ್ಲಿ ಸಹಾಯಕ್ಕೆ ಒಬ್ಬಳು ಬಂದಳು. ಮನುಷ್ಯಳೋ ಯಂತ್ರವೋ ದೇವರೇ ಬಲ್ಲ. ನಿಮ್ಮ ತಂಡದಲ್ಲಿ ಎಷ್ಟು ಮಂದಿ ಡಿಸೈನರುಗಳಿದ್ದಾರೆ ಎಂದು ಕೇಳಿದಳು. ಒಬ್ಬಳಿದ್ದಳು ಎಂದು ಬರೆದೆ. ಹಾಗಾದರೆ ನಿಮಗೆ ಒಬ್ಬರ ಲೈಸೆನ್ಸು ಸಾಕಾಗುತ್ತದೆ ಎಂದಳು. ನನಗೆ ಎಷ್ಟು ಸಿಟ್ಟು ಬಂತೆಂದರೆ ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿಟ್ಟೆ. ಸಿಟ್ಟು ಯಾರ ಮೇಲೆಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ.

ಮರುದಿನ ಅಕ್ಕನಿಗೆ ಅಡಿಗೆಮನೆಯಲ್ಲಿ ಎಲ್ಲ ವಿವರಿಸಿದೆ. ಅವಳು ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಿ ಕೇಳಿದಳು.

“ಹಂಗಾರೆ ಬರೀ ನೋಡೂದೇ ತಗ. ತಿದ್ದೂಕೆ ಬರೂದು ಬೇಡ್ವೇ ಬೇಡ.”

“ಪುಕ್ಕಟೆ ಹೇಳಿಯಾ?”

“ಪುಕ್ಕಟೆ ಅಲ್ಲದಿದ್ರೂ ಅದೇ ತಗ. ತಿದ್ದೂಕೆ ಬಂದ್ರೆ ಇವ್ರು ತಿದ್ತಾರೆ. ಇವ್ರ ತಲೇಲಿ ಎಂತದೋ ಓಡ್ತಾ ಉಂಟು, ನಂಗೆ ಗೊತ್ತಾಗ್ತದೆ. ಆ ಮೂಲೆ ಕೋಣೆ ಅದು ಹೆಂಗೆ ಮಾಡಿಟ್ಟದ್ಯೋ ಹಂಗೇ ಇರ್ಬೇಕು. ಮಂಚ ಹಾಕ್ತೆ, ಅದರ ಪುಸ್ತಕ ಇಡ್ತೆ. ಅವ್ರ ಹತ್ರ ಹೇಳ್ಬೇಡ.”

ಅದೇ ವಾರ ಬೆಳಿಗ್ಗೆ ನಾನು ಕಾರವಾರದ ಬಸ್ಸಿಗೆ ಕಾಯುತ್ತಿರುವಾಗ ಪಾಳಿ ಮುಗಿಸಿ ಬಂದ ಭಾವ ನನ್ನ ಪಕ್ಕದಲ್ಲಿ ನಿಂತರು. ನಾಲ್ಕು ಮಾತು ಒಟ್ಟಿಗೆ ಆಡದ ಮನುಷ್ಯ.

“ಸುಮಿತಾ, ತಿದ್ದೂಕೆ ಬರೂದೇ ತಗ. ಎಷ್ಟಾದ್ರೂ ಆಗ್ಲಿ.”

“ಎಂತ ತಿದ್ದಬೇಕು ಭಾವ?”

“ಆ ಮೂಲೆ ಕೋಣೆ ತೆಗೀಬೇಕು.” ಅವರು ಹೆದ್ದಾರಿಯ ಆಚೆ ನೋಡುತ್ತಲೇ ಹೇಳಿದರು. “ನಕ್ಷೆಯಲ್ಲೇ ತೆಗೆದ್ರೆ ನಿನ್ನ ಅಕ್ಕಂಗೆ ಒಂದ್ಸಲ ಬೇಜಾರಾಗ್ತದೆ. ಕಟ್ಟಿದ ಮೇಲೆ ದಿನಾ ಆಗ್ತದೆ. ದಿನಾ ಬೆಳಿಗ್ಗೆ ಆ ಕೋಣೆ ಗುಡಿಸೂದು, ದಿನಾ ಆ ಹಾಸಿಗೆ ಸರಿ ಮಾಡೂದು. ನನ್ನ ಕೈಲಿ ಅದ್ನ ನೋಡೂಕೆ ಆಗೂದಿಲ್ಲ. ನೀ ಅಕ್ಕನ ಹತ್ರ ಹೇಳ್ಬೇಡ.”

ಒಬ್ಬಳಿಗೆ ನೋಡುವ ಲೈಸೆನ್ಸು, ಇನ್ನೊಬ್ಬರಿಗೆ ತಿದ್ದುವ ಲೈಸೆನ್ಸು, ಇಬ್ಬರಿಗೂ ಆ ಒಂದೇ ಕೋಣೆ. ನಡುವೆ ಸಿಕ್ಕಿಬಿದ್ದವಳು ನಾನು. ಯಾರು ಸರಿ ಎಂದು ನನ್ನನ್ನು ಕೇಳಿದರೆ ಇಬ್ಬರೂ ಸರಿ ಎನ್ನುತ್ತಿದ್ದೆ, ಅದೇ ನನಗೆ ಸಂಕಟ. ನೋಡುವ ಆವೃತ್ತಿಯನ್ನು ಮನೆಯಲ್ಲೇ ಹಾಕಿ ಈ ಕಥೆ ಮುಗಿಸೋಣ ಎಂದು ಒಂದು ಭಾನುವಾರ ಕೂತೆ. ಹಳೆಯ ಲ್ಯಾಪ್‌ಟಾಪಿಗೆ ಅದರ ಭಾರ ತಡೆಯಲಾಗಲಿಲ್ಲ; ಒಂದು ಚಕ್ರ ಸುತ್ತುತ್ತ ಸುತ್ತುತ್ತ ನಿಂತೇ ಹೋಯಿತು. ಅಕ್ಕ ಹೆದರಿದಳು. ಇದನ್ನು ಗೊತ್ತಿದ್ದವರ ಕೈಯಲ್ಲೇ ಕೊಡಬೇಕು, ನೀನು ಇನ್ನು ಮುಟ್ಟಬೇಡ ಎಂದಳು. ಹಾಗೆ ಮರುದಿನ ನಾನು ರಜೆ ಹಾಕಿ, ಮೂವರೂ ಕಾರವಾರಕ್ಕೆ ಹೊರಟೆವು. ಬಸ್ಸಿನಲ್ಲಿ ಅಕ್ಕ ಲ್ಯಾಪ್‌ಟಾಪಿನ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು, ಬಸ್ಸು ಕುಲುಕಿದಾಗಲೆಲ್ಲ ಅದನ್ನು ಎದೆಗೆ ಎತ್ತಿಕೊಳ್ಳುತ್ತಿದ್ದಳು.

ಸಾಯಿನಾಥನ ಅಂಗಡಿ ಬಸ್ ನಿಲ್ದಾಣದ ಹತ್ತಿರ, ಮಹಡಿಯ ಮೇಲೆ. ರಕ್ಷಿತಾಳ ಜೊತೆಗೆ ಓದಿದ ಹುಡುಗ, ಕೋರ್ಸು ಮುಗಿದದ್ದೇ ಮಾವನ ಕಂಪ್ಯೂಟರ್ ಅಂಗಡಿ ನೋಡಿಕೊಳ್ಳತೊಡಗಿದ್ದ. ಕ್ಯಾಮೆರಾ ಪೆಟ್ಟಿಗೆಗಳು, ವಯರಿನ ಸುರುಳಿಗಳು, ನಡುವೆ ಅವನು. ನಮ್ಮನ್ನು ನೋಡಿದವನೇ ಎದ್ದು ಕುರ್ಚಿಗಳನ್ನು ಒರೆಸಿದ.

“ಬನ್ನಿ ಕಾಕಾ, ಕಾಕಿ ಕೂತ್ಕಣಿ. ಸುಮಿತಕ್ಕ ಫೋನಲ್ಲಿ ಎಲ್ಲಾ ಹೇಳಿದ್ರು.”

ಅವನು ಒಳ್ಳೆಯ ವ್ಯಾಪಾರಿಯಲ್ಲ, ಅದಕ್ಕೇ ನನಗೆ ಇಷ್ಟವಾದ. ದುಬಾರಿಯದನ್ನು ಮೊದಲು ತೋರಿಸಲಿಲ್ಲ. ಗೆರೆಯದು ನಿಮಗೆ ಉಪಯೋಗವಿಲ್ಲ, ಅದರಲ್ಲಿ ಈ ಫೈಲು ಅರ್ಧ ಮಾತ್ರ ಕಾಣುತ್ತದೆ ಎಂದ. ಮೂರು ವರ್ಷದ್ದನ್ನಂತೂ ಯಾರು ಹೇಳಿದರೂ ತೆಗೆದುಕೊಳ್ಳಬೇಡಿ ಎಂದ. “ಬರೀ ನೋಡೂಕಾದ್ರೆ ದುಡ್ಡೇ ಬೇಡ ಕಾಕಿ. ಬೇರೆ ಕಂಪ್ಯೂಟರಿಗೆ ಹಾಕಿ ಕೊಡ್ತೆ. ಪಂಚಾಯ್ತಿಗೆ ಕೊಡೂ ಕಾಗದನೂ ಅದರಿಂದ್ಲೇ ತೆಗೀಬಹುದು.”

ವರ್ಷವಿಡೀ ಕಾಣದ ಒಂದು ಹಗುರ ಅಕ್ಕನ ಮುಖದಲ್ಲಿ ಕಂಡಿತು. “ಅಷ್ಟೇ ಸಾಕು ಮಗಾ. ಅದ್ನೇ ಹಾಕು.”

“ತಿದ್ದೂಕೆ ಬರೂದು ತಿಂಗಳಿಂದು ಸಿಗ್ತದಾ?” ಭಾವ ಕೇಳಿದರು.

ಅಕ್ಕ ನಿಧಾನವಾಗಿ ಅವರ ಕಡೆ ತಿರುಗಿದಳು. “ತಿದ್ದೂದು ಎಂತ ಉಂಟು ಅದರಲ್ಲಿ?”

ಭಾವ ಅವಳ ತೊಡೆಯ ಮೇಲಿನ ಚೀಲದ ಕಡೆ ನೋಡಿದರು.

“ಹೇಳಿ. ಈ ಹುಡುಗನ ಮುಂದೇ ಹೇಳಿ. ಎಂತ ತಿದ್ದೂದು?”

“ಮೂಲೆ ಕೋಣೆ ಬೇಡ ಕಲಾವತಿ.”

ಅಕ್ಕ ಕೂಗುತ್ತಾಳೆಂದು ನಾನು ಕಾದೆ. ಅವಳು ಕೂಗಲಿಲ್ಲ. ದನಿ ಇನ್ನೂ ತಗ್ಗಿತು. “ಮಣ್ಣಿಗೆ ಹಾಕಿ ಬಂದ್ರಿ. ಬಟ್ಟೆಯೆಲ್ಲಾ ಕೊಟ್ಟುಬಿಡು ಅಂದ್ರಿ, ಕೊಟ್ಟೆ. ಹೆಸರು ಎತ್ತಿದ್ರೆ ಎದ್ದು ಹೋಗ್ತ್ರಿ. ಈಗ ಕೋಣೆನೂ ತೆಗೀಬೇಕಾ? ಅದು ಇದ್ದೇ ಇರ್ಲಿಲ್ಲ ಹೇಳಿ ಮಾಡ್ಬೇಕಾ ನಿಮಗೆ?”

“ಇತ್ತು ಹೇಳಿಯೇ ನನ್ನ ಕೈಲಿ ಆಗೂದಿಲ್ಲ,” ಎಂದರು ಭಾವ. ಅಷ್ಟು ಹೇಳಿ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು. ಅವರನ್ನು ಬೈಯಲು ಬಾಯಿ ತೆರೆದ ನಾನು ಹಾಗೆಯೇ ಮುಚ್ಚಿಕೊಂಡೆ.

ಪಾಪದ ಸಾಯಿನಾಥನಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. “ಕಾಕಾ, ತಗೊಳ್ಳೂದು ಆಮೇಲೆ. ಮೊದ್ಲು ಒಂದ್ಸಲ ನೋಡ್ವಾ,” ಎಂದ. ಕೊಳ್ಳುವ ಮೊದಲು ಗಿರಾಕಿಗಳಿಗೆ ತೋರಿಸಲೆಂದು ದುಬಾರಿ ಆವೃತ್ತಿಯ ಟ್ರಯಲ್ ಅವನ ಕಂಪ್ಯೂಟರಿನಲ್ಲಿತ್ತು. ಅಕ್ಕನ ಕೈಯಿಂದ ಲ್ಯಾಪ್‌ಟಾಪು ತೆಗೆದುಕೊಂಡು ಫೈಲನ್ನು ಅದಕ್ಕೆ ಹಾಕಿದ.

ದೊಡ್ಡ ಪರದೆಯ ಮೇಲೆ ಮನೆ ಬಂತು. ಕೆಂಪು ಹೆಂಚು, ಕಲ್ಲಿನ ಕಟ್ಟೆ, ಅಂಗಳದಲ್ಲಿ ಬಾವಿ. ನಾವು ಮೂವರೂ ಕುರ್ಚಿಯಿಂದ ಮುಂದಕ್ಕೆ ಬಾಗಿದೆವು. ಸಾಯಿನಾಥ ನಮ್ಮನ್ನು ಒಳಗೆ ಕರೆದುಕೊಂಡು ಹೋದ. ಜಗಲಿ, ನಡುಮನೆ, ಎಡಕ್ಕೆ ತಿರುಗಿ ಮೂಲೆಯ ಕೋಣೆ. ಬೆಳಗಿನ ಬಿಸಿಲು ನಿಜವಾಗಿಯೂ ಅಲ್ಲಿ ನೆಲದ ಮೇಲೆ ಬಿದ್ದಿತ್ತು, ಅದನ್ನೂ ಅವಳು ಬಿಡಿಸಿದ್ದಳು. ಅಕ್ಕ ಪರದೆಗೆ ಕೈ ಮುಟ್ಟಿಸಿದಳು. ಭಾವ ಬೇರೆ ಕಡೆ ನೋಡಲಿಲ್ಲ, ನೋಡುತ್ತಾರೆಂದು ನಾನು ಎಣಿಸಿದ್ದೆ.

“ಇದರಲ್ಲಿ ಇನ್ನೂ ಕೆಲವು ಪದರ ಉಂಟು ಕಾಕಿ, ಆಫ್ ಮಾಡಿ ಇಟ್ಟದೆ,” ಎಂದ ಸಾಯಿನಾಥ. “ನಾವು ಹಂಗೇ ಮಾಡೂದು. ಗೋಡೆ ಒಂದು ಪದರ, ಸಾಮಾನು ಒಂದು, ಹೆಸರು ಒಂದು. ತೋರಿಸುವಾಗ ಗೋಜಲಾಗ್ತದೆ ಹೇಳಿ ಮುಚ್ಚಿಡ್ತ್ರು. ತೆಗೀಲಾ?”

“ತೆಗಿ,” ಎಂದಳು ಅಕ್ಕ.

ಅವನು ಒತ್ತಿದ. ಬರಿದಾಗಿದ್ದ ಮನೆಯಲ್ಲಿ ಸಾಮಾನುಗಳು ಬಂದು ಕೂತವು. ಮೂಲೆಯ ಕೋಣೆಯಲ್ಲಿ ಒಂದು ಮಂಚ, ಕಿಟಕಿಯ ಕೆಳಗೆ ಮೇಜು, ಗೋಡೆಯಲ್ಲಿ ಬಹಳ ಕೆಳಗೆ ಒಂದು ಕಪಾಟು. ಇದೇನು ಇಷ್ಟು ಕೆಳಗೆ ಎಂದು ನಾನು ಎಣಿಸುವಷ್ಟರಲ್ಲಿ ಅವನು ಇನ್ನೊಂದು ಒತ್ತಿದ, ಹೆಸರುಗಳು ಬಂದವು. ಕನ್ನಡದಲ್ಲಿಯೇ ಬರೆದಿದ್ದಳು. ದೇವರು. ಅಡಿಗೆ. ಅಪ್ಪ ಆಯಿ. ಮೂಲೆಯ ಕೋಣೆಯ ನೆಲದ ಮೇಲೆ ‘ಸುಮಿ ಚಿಕ್ಕಿ’ ಎಂದಿತ್ತು.

ನಾನು ಎರಡು ಸಲ ಓದಿದೆ. ಆ ಮನೆಯಲ್ಲಿ ನಾನು ಮಲಗುವುದು ಎಲ್ಲಿ ಎಂದು ನಾನು ಯಾರನ್ನೂ ಕೇಳಿರಲಿಲ್ಲ, ಯಾರೂ ನನಗೆ ಹೇಳಿರಲಿಲ್ಲ. ಜಗಲಿಯೋ, ಅಡಿಗೆಮನೆಯ ಪಕ್ಕವೋ, ಎಲ್ಲೋ ಒಂದು ಚಾಪೆಯ ಜಾಗ ಎಂದುಕೊಂಡಿದ್ದೆ. ನಾನು ಕುಳ್ಳಿ. ಆ ಕಪಾಟು ನನ್ನ ಕೈಗೆ ಎಟುಕುವ ಎತ್ತರಕ್ಕಿತ್ತು. ಇಪ್ಪತ್ತು ತುಂಬದ ಹುಡುಗಿ, ನನ್ನ ಪಕ್ಕದಲ್ಲಿ ಮಲಗಿ ನನ್ನ ಹೊದಿಕೆ ಎಳೆದುಕೊಳ್ಳುತ್ತಿದ್ದ ಹುಡುಗಿ, ನನ್ನ ಕೈಯ ಎತ್ತರವನ್ನು ಯಾವಾಗ ಅಳೆದಳೋ ನನಗೆ ತಿಳಿಯಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತೆ.

ಅಕ್ಕ ಹುಡುಕುತ್ತಿದ್ದಳು. “ಅದರದ್ದು ಎಲ್ಲಿ? ಆ ಬದಿಗೆ ಹೋಗು ಮಗಾ. ಹಿಂದ್ಗಡೆ ತೋರ್ಸು.”

ಸಾಯಿನಾಥ ಆ ಬದಿಗೆ ಹೋದ, ಹಿಂದಕ್ಕೆ ಹೋದ. ಬಚ್ಚಲು ಬಂತು, ಕಟ್ಟಿಗೆ ಇಡುವ ಜಾಗ ಬಂತು. ಎರಡೇ ಮಲಗುವ ಕೋಣೆಗಳು ಆ ಮನೆಗೆ.

“ಮತ್ತೊಂದು ಪದರ ಇರ್ಬೇಕು. ಅದ್ನೂ ತೆಗಿ.”

“ಇಲ್ಲ ಕಾಕಿ. ಇಷ್ಟೇ.” ಅವನು ಕೀಲಿಮಣೆಯನ್ನೇ ನೋಡುತ್ತಿದ್ದ. “ನಾನೂ ಕಾಲೇಜಲ್ಲಿ ಕೇಳಿದ್ದೆ, ನಿನ್ನ ಕೋಣೆ ಎಲ್ಲುಂಟು ಹೇಳಿ. ನಗಾಡ್ತು. ‘ನಂಗೆ ಎಂತಕ್ಕಾ? ನಾ ಹೆಂಗೂ ಬೇರೆ ಮನೆಗೆ ಹೋಗೂದಲಾ. ಬಂದಾಗ ಚಿಕ್ಕಿ ಹತ್ರ ಮಲಗ್ತೆ’ ಅಂತು.”

ಹೆಣ್ಣು ಬೇರೆ ಮನೆಗೆ ಹೋಗುವ ಕೂಸು ಎಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಕೂಸು ತೊಟ್ಟಿಲಿನಲ್ಲಿರುವಾಗಲೇ ಮುದ್ದಿಗೆ ಹೇಳುತ್ತಾರೆ, ನಗೆಯಾಡುತ್ತ ಹೇಳುತ್ತಾರೆ, ಹೇಳಿ ಮರೆತೂ ಬಿಡುತ್ತಾರೆ. ಅವಳು ಅದನ್ನು ಲೆಕ್ಕಕ್ಕೆ ಹಿಡಿದು ಮನೆ ಕಟ್ಟಿದ್ದಳು. ವರ್ಷವಿಡೀ ಒಬ್ಬಳು ಉಳಿಸಬೇಕೆಂದು, ಒಬ್ಬರು ತೆಗೆಯಬೇಕೆಂದು ಒಳಗೊಳಗೇ ಗುದ್ದಾಡಿದ ಅವಳ ಕೋಣೆ ಆ ಮನೆಯಲ್ಲಿ ಇರಲೇ ಇಲ್ಲ.

“ಸಾಯಿನಾಥಾ,” ಎಂದಳು ಅಕ್ಕ, “ಆ ನೋಡೂದು ಬೇಡ. ತಿದ್ದೂಕೆ ಬರೂದೇ ಕೊಡು. ಅದಕ್ಕೊಂದು ಕೋಣೆ ಹಾಕು.”

“ಅಕ್ಕಾ, ನನ್ನ ಹೆಸರು ತೆಗೆದು ಅದರದ್ದೇ ಬರೀಲಿ,” ಎಂದೆ ನಾನು. “ನಂಗೆ ಕೋಣೆ ಎಂತಕ್ಕೆ?”

“ಬಾಯಿ ಮುಚ್ಚು. ಅದು ನಿಂಗೆ ಕೊಟ್ಟದ್ದು. ವಾಪಸ್ ಕೊಡೂಕೆ ನೀ ಯಾರು?”

ಭಾವ ಮುಂದಕ್ಕೆ ಬಗ್ಗಿ ಪರದೆಯನ್ನು ಹತ್ತಿರದಿಂದ ನೋಡಿದರು. ಬೇಡ ಎನ್ನುತ್ತಾರೆಂದು ನಾನು ಹೆದರಿದೆ. “ಜಾಗ ಎಲ್ಲಿ ಸಿಗ್ತದೆ?” ಎಂದು ಕೇಳಿದರು.

“ಜಗಲಿ ಅರ್ಧ ಕಮ್ಮಿ ಮಾಡಿದ್ರೆ ಆಗ್ತದೆ ಕಾಕಾ.”

“ಮಾಡು. ಜಗಲಿಲಿ ಕೂತು ನಂಗೆ ಎಂತ ಆಗ್ಬೇಕು.”

ಸಾಯಿನಾಥ ಒಂದು ಗೋಡೆಯನ್ನು ಹಿಡಿದು ಎಳೆದ. ಇನ್ನೊಂದು ಗೋಡೆ ತಾನಾಗಿ ಬಂದು ಸೇರಿತು. ಬಾಗಿಲು ಎಲ್ಲಿ ಎಂದು ಕೇಳಿದ, ಅಕ್ಕ ಬೆರಳಿಟ್ಟು ತೋರಿಸಿದಳು. ಕಿಟಕಿ ಎಂದ, ಭಾವ ತೋರಿಸಿದರು. ಅಪ್ಪ ಆಯಿಯ ಕೋಣೆಗೂ ನನ್ನ ಕೋಣೆಗೂ ಎದುರಿಗೆ, ಮನೆಯ ಮುಂಬದಿಯಲ್ಲಿ ಕೋಣೆಯೊಂದು ಆಯಿತು. ಅವನು ಅದರ ನೆಲದ ಮೇಲೆ ರಕ್ಷಿತಾ ಎಂದು ಬರೆದ. ಅಕ್ಕ ತನ್ನ ಕುಪ್ಪಸದ ತೋಳು ಸರಿಮಾಡಿಕೊಳ್ಳುವಷ್ಟು ಹೊತ್ತೂ ಹಿಡಿಯಲಿಲ್ಲ.

“ಆಯ್ತನಾ?”

“ಆಯ್ತು ಕಾಕಿ.”

“ಇಷ್ಟೇನಾ?”

“ಇಷ್ಟೇ ಕಾಕಿ.”

“ಒಂದು ಕೋಣೆ ಮಾಡೂದು ಇಷ್ಟೇ ಆಗಿತ್ತನಾ?” ಎಂದಳು ಅಕ್ಕ. ಅದು ಅವನಿಗೆ ಕೇಳಿದ ಮಾತಾಗಿರಲಿಲ್ಲ. ಆಮೇಲೆ ಅವಳು ಅತ್ತಳು. ಆಸ್ಪತ್ರೆಯ ಮುಂದೆ ಅತ್ತದ್ದನ್ನು ನಾನು ನೋಡಿದ್ದೇನೆ, ಮನೆಯಲ್ಲಿ ಅತ್ತದ್ದನ್ನೂ ನೋಡಿದ್ದೇನೆ, ಈ ಅಳು ಬೇರೆ. ಮೆಟ್ಟಿಲು ಹತ್ತಿ ಬಂದ ಗಿರಾಕಿಯೊಬ್ಬ ಬಾಗಿಲಲ್ಲೇ ನಿಂತು ಹಾಗೆಯೇ ಇಳಿದು ಹೋದ. ನಾಲ್ಕು ಜನರ ಎದುರು ಎಂದೂ ಅಕ್ಕನನ್ನು ಮುಟ್ಟದ ಭಾವ ಅವಳ ಬೆನ್ನ ಮೇಲೆ ಕೈ ಇಟ್ಟುಕೊಂಡು ನಿಂತರು, ಅವರ ಕಣ್ಣೀರು ಅವಳ ತಲೆಯ ಮೇಲೆ ಬೀಳುತ್ತಿತ್ತು. ನನಗೂ ತಡೆಯಲಾಗಲಿಲ್ಲ.

ಅಳು ಒಂದಿಷ್ಟು ನಿಂತ ಮೇಲೆ ಸಾಯಿನಾಥ ಅಂಜುತ್ತ ಹೇಳಿದ. “ಕಾಕಿ, ಇದು ಟ್ರಯಲ್ ಅಲಾ, ಎಲ್ಲಾ ಮಾಡೂಕೆ ಬಿಡ್ತದೆ, ಉಳಿಸೂಕೆ ಬಿಡೂದಿಲ್ಲ. ಮುಚ್ಚಿದ್ರೆ ಈಗ ಮಾಡಿದ ಕೋಣೆ ಹೋಗ್ತದೆ. ಬೇಜಾರಿಲ್ಲ, ಲೈಸೆನ್ಸ್ ತಗೊಂಡ ಮೇಲೆ ಮತ್ತೆ ಹಾಕಿ ಕೊಡ್ತೆ. ನೀವೇ ನೋಡಿದ್ರಲಾ, ಎಷ್ಟು ಹೊತ್ತು?”

“ಮುಚ್ಚಬೇಡ,” ಎಂದಳು ಅಕ್ಕ.

“ನಾ ಮತ್ತೆ...”

“ಮತ್ತೆ ಬೇಡ. ಇದ್ನೇ ಉಳ್ಸು. ನೀವು ಹೋಗಿ ದುಡ್ಡು ತನ್ನಿ,” ಎಂದು ಭಾವನಿಗೆ ಹೇಳಿದಳು.

ಭಾವ ಬ್ಯಾಂಕಿಗೆ ಓಡಿದರು. ಮೊಣಕಾಲು ನೋವಿನ ಮನುಷ್ಯ ಒಂದೊಂದು ಬಿಟ್ಟು ಮೆಟ್ಟಿಲು ಇಳಿದ ಸದ್ದು ನಮಗೆ ಕೇಳಿಸಿತು. ಅಕ್ಕ ಕುರ್ಚಿಯನ್ನು ಪರದೆಯ ಎದುರಿಗೆ ಎಳೆದುಕೊಂಡು ಕೂತಳು. ಸಾಯಿನಾಥನಿಗೆ ಆ ಕಂಪ್ಯೂಟರಿನಲ್ಲಿ ಬೇರೆ ಕೆಲಸವಿತ್ತು, ಪಾಪ, ಅದನ್ನು ಬಿಟ್ಟು ಪೆಟ್ಟಿಗೆಗಳನ್ನು ಜೋಡಿಸುತ್ತ ನಿಂತ. ನಾನು ಚಹ ತರಿಸಲೇ ಎಂದೆ, ಅಕ್ಕ ತಲೆ ಅಲ್ಲಾಡಿಸಿದಳು.

ಸ್ವಲ್ಪ ಹೊತ್ತು ಮುಟ್ಟದಿದ್ದರೆ ಪರದೆ ತಾನಾಗಿ ಮಂಕಾಗುತ್ತಿತ್ತು. ಮೊದಲ ಸಲ ಹಾಗಾದಾಗ ಅಕ್ಕ ಚೀರಿದಳು. ಏನೂ ಆಗಲಿಲ್ಲ ಕಾಕಿ, ಹೀಗೆ ಅಲುಗಿಸಿದರೆ ಸಾಕು ಎಂದು ಸಾಯಿನಾಥ ಮೌಸು ಹಿಡಿದು ತೋರಿಸಿಕೊಟ್ಟ. ಅಲ್ಲಿಂದ ಅವಳು ಅದರ ಮೇಲಿನ ಕೈ ತೆಗೆಯಲಿಲ್ಲ. ಬೆಳಕು ಒಂದಿಷ್ಟು ಕಡಿಮೆಯಾದರೆ ಸಾಕು, ಮೆಲ್ಲಗೆ ಅಲುಗಿಸುತ್ತಿದ್ದಳು. “ಮಲಗಬೇಡ ಮಗಾ,” ಎಂದು ಪರದೆಗೆ ಹೇಳುತ್ತಿದ್ದಳು, “ಅಪ್ಪ ಈಗ ಬಂದ್ರು.”